ಶಿಸ್ತು ವಿಚಾರಣೆಯ ರೆಡಿಮೇಡ್ ನಮೂನೆ ಸೆಟ್: ಯಾವ ಹಾಳೆ ಕೆಲಸಕ್ಕೆ ಬರುತ್ತದೆ, ಯಾವುದು ಕೇಸನ್ನೇ ಕೆಡಿಸುತ್ತದೆ

ಡೊಮೆಸ್ಟಿಕ್ ಎನ್‌ಕ್ವೈರಿ (ನೌಕರನ ಮೇಲಿನ ಆರೋಪದ ಬಗ್ಗೆ ಸಂಸ್ಥೆಯೊಳಗೇ ನಡೆಯುವ ವಿಚಾರಣೆ) ನಡೆಸಲು ಬೇಕಾದ ಒಂಬತ್ತು ವರ್ಡ್ ಫೈಲುಗಳ ಸೆಟ್ ಇದು. ಕಾರಣ ಕೇಳುವ ನೋಟಿಸು, ಅಮಾನತು ಆದೇಶ, ಚಾರ್ಜ್‌ಶೀಟ್ (ಆರೋಪ ಪಟ್ಟಿ), ವಿಚಾರಣಾಧಿಕಾರಿಯ ನೇಮಕ ಪತ್ರ, ವಿಚಾರಣೆಯ ನೋಟಿಸು, ವಿಚಾರಣೆಯಲ್ಲಿ ನಡೆದದ್ದನ್ನು ದಾಖಲಿಸುವ ನಡಾವಳಿ ಹಾಳೆ, ವಿಚಾರಣಾ ವರದಿ, ವರದಿಯ ಮೇಲೆ ನೌಕರನ ಉತ್ತರ ಕೇಳುವ ಎರಡನೇ ನೋಟಿಸು, ಅಂತಿಮ ಆದೇಶ. ಎಚ್‌ಆರ್ ವಿಭಾಗದವರ ನಡುವೆ ಇಂಥ ಸೆಟ್‌ಗಳು ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತವೆ. ಮಾರುವವರು ಬೇರೆ ಬೇರೆ, ಒಳಗಿನ ವಾಕ್ಯಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಈ ವಿಮರ್ಶೆಯಲ್ಲಿ ಮಾರಾಟಗಾರರ ಹೆಸರಿಲ್ಲ. ನಿಮ್ಮ ಕೈಯಲ್ಲಿರುವ ಸೆಟ್ಟನ್ನು ಪಕ್ಕಕ್ಕಿಟ್ಟುಕೊಂಡು ಓದಿದರೆ ಸಾಕು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಯಾವುದರ ನಂತರ ಯಾವುದು, ಯಾರ ಸಹಿ ಎಲ್ಲಿ, ಯಾವ ಕಾಗದ ಯಾವತ್ತು ತಲುಪಿತು ಎಂಬುದನ್ನು ಕಾಪಾಡಲು ಈ ಸೆಟ್ ಒಳ್ಳೆಯದು. ಆದರೆ ಚಾರ್ಜ್‌ಶೀಟ್, ನಡಾವಳಿ, ವರದಿ ಈ ಮೂರರಲ್ಲಿ ಮೊದಲೇ ಟೈಪ್ ಮಾಡಿಟ್ಟ ವಾಕ್ಯಗಳನ್ನು ಹಾಗೇ ಬಳಸಿದರೆ, ತಪ್ಪು ಮಾಡಿದವನ ಮೇಲಿನ ಕೇಸೂ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತು, ತಪ್ಪು ಮಾಡದವನು ತನ್ನ ಮಾತು ಹೇಳಿಕೊಳ್ಳಲಾಗದೆ ಕೆಲಸ ಕಳೆದುಕೊಳ್ಳುತ್ತಾನೆ.

ಅಳೆಯುವ ಕೋಲು ನಮ್ಮದಲ್ಲ. ಸುರ್ ಎನಾಮೆಲ್ ಅಂಡ್ ಸ್ಟ್ಯಾಂಪಿಂಗ್ ವರ್ಕ್ಸ್ ಪ್ರಕರಣದಲ್ಲಿ 1963ರಲ್ಲೇ ಸುಪ್ರೀಂ ಕೋರ್ಟ್ ಐದು ಅಂಶ ಹೇಳಿದೆ: ಆರೋಪ ಏನೆಂದು ನೌಕರನಿಗೆ ಸ್ಪಷ್ಟವಾಗಿ ತಿಳಿಸಿರಬೇಕು; ಸಾಕ್ಷಿಗಳ ಹೇಳಿಕೆ ಸಾಮಾನ್ಯವಾಗಿ ಅವನ ಎದುರಲ್ಲೇ ಆಗಬೇಕು; ಪಾಟೀ ಸವಾಲಿಗೆ ಅವಕಾಶ ಕೊಡಬೇಕು; ತಾನೂ ಸೇರಿದಂತೆ ತನ್ನ ಕಡೆಯ ಸಾಕ್ಷಿ ಹಾಜರುಪಡಿಸಲು ಅವಕಾಶ ಕೊಡಬೇಕು; ವಿಚಾರಣಾಧಿಕಾರಿ ಕಾರಣ ಕೊಟ್ಟು ನಿರ್ಣಯ ಬರೆಯಬೇಕು. ಒಂಬತ್ತು ಫೈಲುಗಳನ್ನೂ ಈ ಐದರ ಮುಂದೆ ಹಿಡಿದು ನೋಡಿದ್ದೇವೆ.

ಕಾರಣ ಕೇಳುವ ನೋಟಿಸು ಪರವಾಗಿಲ್ಲ. ಉತ್ತರಕ್ಕೆ 48 ಗಂಟೆ ಎಂದು ಅಚ್ಚು ಹೊಡೆದಿರುವುದನ್ನು ಮಾತ್ರ ತೆಗೆಯಿರಿ. ತಡವಾಗಿ ಬಂದದ್ದಕ್ಕೆ ವಿವರಣೆ ಕೊಡಲು ಎರಡು ದಿನ ಸಾಕಾಗಬಹುದು, ಆರು ತಿಂಗಳ ಸ್ಟಾಕ್ ರಿಜಿಸ್ಟರಿನ ವ್ಯತ್ಯಾಸಕ್ಕೆ ಸಾಲುವುದಿಲ್ಲ. ಆ ಜಾಗ ಖಾಲಿ ಬಿಟ್ಟು, ಕೇಳಿದ ಕಾಗದಗಳ ಪ್ರಮಾಣ ನೋಡಿ ದಿನ ತುಂಬುವುದು ಸರಿ.

ಅಮಾನತು ಆದೇಶದಲ್ಲಿ ಒಂದು ಸಾಲು ಹಳತು, ಒಂದು ಸಾಲು ಇಲ್ಲವೇ ಇಲ್ಲ. ಹಳತು ಯಾವುದೆಂದರೆ, 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯ 10ಎ ಕಲಂ ಉಲ್ಲೇಖ. (ಸ್ಥಾಯಿ ಆದೇಶವೆಂದರೆ ಸಂಸ್ಥೆಯ ಲಿಖಿತ ಸೇವಾ ನಿಯಮಗಳು.) 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. ಈಗ ನೋಡಬೇಕಾದ್ದು ಅದರ 38ನೇ ಕಲಂ. ಅಮಾನತಿನ ಅವಧಿಗೆ ಕೊಡುವ ಜೀವನಾಧಾರ ಭತ್ಯೆಯ ಲೆಕ್ಕ ಬದಲಾಗಿಲ್ಲ: ಮೊದಲ 90 ದಿನ ವೇತನದ ಶೇ. 50, ಆಮೇಲೆ ವಿಳಂಬ ನೌಕರನಿಂದ ಆಗಿಲ್ಲವಾದರೆ ಶೇ. 75. ಅಮಾನತಾದ ದಿನದಿಂದ ಸಾಮಾನ್ಯವಾಗಿ 90 ದಿನದೊಳಗೆ ವಿಚಾರಣೆ ಮುಗಿಸಬೇಕು ಎಂದೂ ಅಲ್ಲೇ ಇದೆ. ಇಲ್ಲದ ಸಾಲು ಯಾವುದೆಂದರೆ, ಭತ್ಯೆ ಎಷ್ಟು ರೂಪಾಯಿ, ಯಾವ ತಾರೀಖಿಗೆ, ಯಾವ ಖಾತೆಗೆ ಎಂಬುದು. ಸೆಟ್ಟಿನಲ್ಲಿ "ನಿಯಮಾನುಸಾರ ಭತ್ಯೆ ನೀಡಲಾಗುವುದು" ಎಂದಷ್ಟೇ ಇದೆ. ಅಷ್ಟು ಸಾಲದು. ಭತ್ಯೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಕೋಲಾರದ ಚಿನ್ನದ ಗಣಿಯ ಪ್ರಕರಣವಿದೆ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಎಂ. ಪಾಲ್ ಆಂಟನಿ ಅವರ ಮನೆಯ ಮೇಲೆ 1985ರಲ್ಲಿ ದಾಳಿ ನಡೆದು 4.5 ಗ್ರಾಂ ತೂಕದ ಚಿನ್ನದ ಉಂಡೆ ಮತ್ತು 1,276 ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತೆಂಬುದು ಆರೋಪ. ಅಮಾನತಿನಲ್ಲಿ ಭತ್ಯೆ ಬರಲಿಲ್ಲ. ಕೇರಳದಿಂದ ಬಂದು ಹಾಜರಾಗಲು ದುಡ್ಡಿಲ್ಲವೆಂದು ಅವರು ಹೇಳಿದರೂ ವಿಚಾರಣೆ ಏಕಪಕ್ಷೀಯವಾಗಿ ಮುಗಿಯಿತು. ಅದೇ ಸಂಗತಿಗಳ ಮೇಲಿನ ಕ್ರಿಮಿನಲ್ ಕೇಸಿನಲ್ಲಿ ಅವರು ಖುಲಾಸೆಯಾದರು. 1999ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಆ ವಜಾ ನಿಲ್ಲಲಿಲ್ಲ. ಭತ್ಯೆ ಕೊಡದೆ ಕರೆಯುವ ವಿಚಾರಣೆ ಕರೆದಂತೆಯೇ ಅಲ್ಲ. ಈ ಒಂದು ಸಾಲು ಬರೆಯಲು ಬೇಕಾದ್ದು ಐದು ನಿಮಿಷ.

ಇನ್ನು ಚಾರ್ಜ್‌ಶೀಟ್. ಸೆಟ್ಟಿನ ಅತಿ ದುರ್ಬಲ ಹಾಳೆ ಇದೇ, ಹೆಚ್ಚು ಬಳಕೆಯಾಗುವುದೂ ಇದೇ. ನಮೂನೆಯ ವಾಕ್ಯ ಹೀಗಿದೆ:

"ನೀವು ದಿನಾಂಕ ______ ರಂದು ಮೇಲಾಧಿಕಾರಿಯೊಂದಿಗೆ ಅನುಚಿತವಾಗಿ ವರ್ತಿಸಿ, ಆದೇಶ ಉಲ್ಲಂಘಿಸಿ, ಸಂಸ್ಥೆಯ ಶಿಸ್ತಿಗೆ ಭಂಗ ತಂದು ಗಂಭೀರ ದುರ್ನಡತೆ ಎಸಗಿರುವುದು ಸಾಬೀತಾಗಿರುತ್ತದೆ. ನಿಮ್ಮನ್ನು ಏಕೆ ಕೆಲಸದಿಂದ ವಜಾ ಮಾಡಬಾರದು ಎಂಬುದಕ್ಕೆ ಉತ್ತರಿಸತಕ್ಕದ್ದು."

ಇದನ್ನು ಓದಿದ ನೌಕರ ಏನೆಂದು ಉತ್ತರಿಸಬೇಕು? ಯಾವ ಮೇಲಾಧಿಕಾರಿ, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಆದೇಶ, "ಅನುಚಿತ" ಎಂದರೆ ಬೈದದ್ದೋ ಕೈ ಮಾಡಿದ್ದೋ, ಒಂದೂ ಇಲ್ಲ. "ನಾನು ಹಾಗೆ ಮಾಡಿಲ್ಲ" ಎನ್ನುವುದನ್ನು ಬಿಟ್ಟರೆ ಅವನಿಗೆ ದಾರಿಯೇ ಇಲ್ಲ. ಮುಂದೆ ಸಾಕ್ಷಿಗಳು ಏನೇ ಹೇಳಿದರೂ ಅದು ಅವನಿಗೆ ಹೊಸ ಸುದ್ದಿ. ಎರಡನೇ ದೋಷ ಇನ್ನೂ ಕೆಟ್ಟದ್ದು: ವಿಚಾರಣೆ ಶುರುವಾಗುವ ಮೊದಲೇ "ಸಾಬೀತಾಗಿರುತ್ತದೆ" ಎಂದು ಆಡಳಿತ ಮಂಡಳಿಯೇ ಸಹಿ ಹಾಕಿದೆ, ಶಿಕ್ಷೆಯನ್ನೂ ಹೆಸರಿಸಿದೆ. ಓರಿಕ್ಸ್ ಫಿಶರೀಸ್ ಪ್ರಕರಣದಲ್ಲಿ (2010) ಕಾರಣ ಕೇಳುವ ಹಂತದಲ್ಲೇ ತಪ್ಪಿತಸ್ಥನೆಂದು ತೀರ್ಮಾನಿಸಿ ಬರೆದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಲ್ಲಿಂದಾಚೆಯ ವಿಚಾರಣೆ ಬರೀ ಶಾಸ್ತ್ರಕ್ಕೆ ನಡೆದದ್ದೆಂದು ಯಾರೂ ಹೇಳಬಹುದು.

ಅದೇ ಘಟನೆಯನ್ನು ಹೀಗೆ ಬರೆದು ನೋಡಿ:

"ದಿನಾಂಕ ______ ರಂದು ಎರಡನೇ ಪಾಳಿಯಲ್ಲಿ, ರಾತ್ರಿ ಸುಮಾರು 8:40ಕ್ಕೆ, ಪ್ಯಾಕಿಂಗ್ ವಿಭಾಗದ 3ನೇ ಲೈನಿನ ಬಳಿ, ಬೆಲ್ಟ್ ನಿಲ್ಲಿಸುವಂತೆ ಪಾಳಿ ಮೇಲ್ವಿಚಾರಕರು ನಿಮಗೆ ಎರಡು ಬಾರಿ ಹೇಳಿದರೂ ನೀವು ನಿಲ್ಲಿಸಲಿಲ್ಲವೆಂದೂ, 'ನಿನ್ ಮಾತು ನಾನ್ಯಾಕ್ ಕೇಳ್ಬೇಕು, ಹೋಗಲೋ' ಎಂದು ಹೇಳಿ ಅವರ ಕೈಯಲ್ಲಿದ್ದ ರಿಜಿಸ್ಟರನ್ನು ಎಳೆದು ನೆಲಕ್ಕೆ ಹಾಕಿದಿರೆಂದೂ ಆರೋಪವಿದೆ. ಇದು ಸಾಬೀತಾದಲ್ಲಿ ಸ್ಥಾಯಿ ಆದೇಶದ ____ ನೇ ಕ್ರಮಾಂಕದ ಪ್ರಕಾರ ದುರ್ನಡತೆಯಾಗುತ್ತದೆ."

ಈಗ ನೌಕರ ಉತ್ತರಿಸಬಲ್ಲ. ಆ ಹೊತ್ತಿಗೆ ತಾನು ಕ್ಯಾಂಟೀನಿನಲ್ಲಿದ್ದೆ ಎನ್ನಬಹುದು, ಒಂದೇ ಸಲ ಹೇಳಿದರು ಎನ್ನಬಹುದು, ಬೆಲ್ಟ್ ನಿಲ್ಲಿಸುವ ಸ್ವಿಚ್ ಕೆಟ್ಟಿತ್ತು ಎನ್ನಬಹುದು. ಬೈದ ಮಾತನ್ನು "ಅವಾಚ್ಯ ಶಬ್ದಗಳಿಂದ ನಿಂದಿಸಿ" ಎಂದು ಶುದ್ಧ ಮಾಡದೆ, ಆಡಿದ ಹಾಗೆಯೇ ಬರೆಯಬೇಕು. ಮಾತು ಎಷ್ಟು ಒರಟಾಗಿತ್ತು ಎಂಬುದೇ ಶಿಕ್ಷೆಯ ಪ್ರಮಾಣ ನಿರ್ಧರಿಸುವ ಪ್ರಶ್ನೆಯಾಗಿರುತ್ತದೆ. ಎರಡು ಘಟನೆಯಿದ್ದರೆ ಎರಡು ಆರೋಪ, ಕ್ರಮಸಂಖ್ಯೆ ಹಾಕಿ ಬೇರೆ ಬೇರೆ ಬರೆಯಿರಿ. ಒಂದು ಸಾಬೀತಾಗಿ ಇನ್ನೊಂದು ಆಗದಿದ್ದಾಗ ವರದಿ ಬರೆಯುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಗೈರುಹಾಜರಿಯ ಆರೋಪವಾದರೆ ತಾರೀಖುಗಳ ಪಟ್ಟಿ ಬೇಕು. ಹಳೆಯ ಮಾದರಿ ಸ್ಥಾಯಿ ಆದೇಶದಲ್ಲಿ ರಜೆಯಿಲ್ಲದೆ 10 ದಿನಕ್ಕಿಂತ ಹೆಚ್ಚಿನ ಗೈರು ಒಂದು ಬಗೆ, ಪದೇಪದೇ ಗೈರಾಗುವ ಚಾಳಿ ಇನ್ನೊಂದು ಬಗೆ. "ಆಗಾಗ ಗೈರು" ಎಂದರೆ ಎರಡೂ ಅಲ್ಲ.

ಚಾರ್ಜ್‌ಶೀಟಿನ ಜೊತೆ ಎರಡು ಅನುಬಂಧ ಇರಲೇಬೇಕು: ಆಡಳಿತದ ಕಡೆಯ ಸಾಕ್ಷಿಗಳ ಪಟ್ಟಿ, ದಾಖಲೆಗಳ ಪಟ್ಟಿ ಮತ್ತು ಪ್ರತಿಗಳು. ಸೆಟ್ಟಿನಲ್ಲಿ ಇವೆರಡೂ ಇಲ್ಲ. ದಾಖಲೆ ತೋರಿಸಿದ ದಿನ, ಎಷ್ಟು ಹೊತ್ತು, ಯಾವ ಪುಟ ಎಂದು ಬರೆದು ಸಹಿ ಹಾಕಿಸಿಕೊಳ್ಳುವ ಹಾಳೆಯೂ ಇಲ್ಲ. ಕನ್ನಡ ಆವೃತ್ತಿಯ ವಾಕ್ಯಗಳು ಎಷ್ಟು ಉದ್ದವೆಂದರೆ ಕನ್ನಡ ಚೆನ್ನಾಗಿ ಓದುವವರಿಗೂ ತಡವರಿಕೆಯಾಗುತ್ತದೆ. ನೌಕರನಿಗೆ ಓದಲು ಬಾರದಿದ್ದರೆ ಅವನ ಭಾಷೆಯಲ್ಲಿ ಓದಿ ಹೇಳಿ, ಓದಿ ಹೇಳಿದವರ ಸಹಿಯನ್ನೂ ಅದೇ ಹಾಳೆಯ ಕೆಳಗೆ ತೆಗೆದುಕೊಳ್ಳಿ.

ಕಾಗದ ತಲುಪಿಸುವ ಬಗ್ಗೆ ಸೆಟ್ಟಿನೊಂದಿಗೆ ಬರುವ ಸೂಚನಾ ಪುಟ ನಿಜಕ್ಕೂ ಚೆನ್ನಾಗಿದೆ. ಕೈಗೆ ಕೊಟ್ಟರೆ ಪ್ರತಿಯ ಮೇಲೆ ಸಹಿ ಮತ್ತು ಹೊತ್ತು. ನಿರಾಕರಿಸಿದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಟಿಪ್ಪಣಿ, ಅದೇ ದಿನ ಅಂಚೆ. ಅಂಚೆಯ ಲಕೋಟೆ ವಾಪಸು ಬಂದರೆ ಅದನ್ನು ಒಡೆಯದೆ, ಅಂಚೆಯವರ ಷರಾ ಸಮೇತ ಫೈಲಿನಲ್ಲಿಡುವುದು. ಅದರಲ್ಲೂ ಈ ಕೊನೆಯದು. ಲಕೋಟೆ ಒಡೆದು ಒಳಗಿನ ಕಾಗದ ಮಾತ್ರ ಫೈಲು ಮಾಡುವ ಕಚೇರಿಗಳಿಗೆ ಆಮೇಲೆ ಯಾವ ಕಾಗದ ಯಾವ ಲಕೋಟೆಯಲ್ಲಿತ್ತೆಂದು ತೋರಿಸಲು ಆಗುವುದಿಲ್ಲ.

ನೇಮಕ ಪತ್ರ ಒಂದೇ ಪುಟ, ಅದರಲ್ಲಿ ಕೆಡುವಂಥದ್ದು ಕಡಿಮೆ. ಕೆಡುವುದು ಯಾರ ಹೆಸರು ತುಂಬುತ್ತೀರಿ ಎಂಬಲ್ಲಿ. ದೂರು ಕೊಟ್ಟವರು, ಘಟನೆ ಕಣ್ಣಾರೆ ಕಂಡವರು, ಪ್ರಾಥಮಿಕ ತನಿಖೆ ಮಾಡಿದವರು, ಚಾರ್ಜ್‌ಶೀಟಿಗೆ ಸಹಿ ಹಾಕಿದವರು, ಇವರ್ಯಾರೂ ವಿಚಾರಣಾಧಿಕಾರಿ ಆಗಬಾರದು. ಮೀಂಗ್ಲಾಸ್ ಟೀ ಎಸ್ಟೇಟ್ ಪ್ರಕರಣದಲ್ಲಿ (1963) ಹಲ್ಲೆಗೊಳಗಾದ ಮ್ಯಾನೇಜರೇ ವಿಚಾರಣೆಗೆ ಕುಳಿತಿದ್ದರು; ಸುಪ್ರೀಂ ಕೋರ್ಟ್ ಅದನ್ನು ವಿಚಾರಣೆ ಎಂದು ಒಪ್ಪಲಿಲ್ಲ. ಸಣ್ಣ ಘಟಕಗಳಲ್ಲಿ ಬೇರೆ ಅಧಿಕಾರಿಯೇ ಇರುವುದಿಲ್ಲ. ಆಗ ಹೊರಗಿನವರನ್ನು ನೇಮಿಸಿಕೊಳ್ಳುವುದು ಖರ್ಚಿಗೆ ತಕ್ಕ ಕೆಲಸ. ವಿಚಾರಣಾಧಿಕಾರಿಯ ಮೇಲೆ ನೌಕರ ಆಕ್ಷೇಪಿಸಿದರೆ ಅದನ್ನು ದಾಖಲಿಸಿ, ನೇಮಿಸಿದವರು ಲಿಖಿತ ಉತ್ತರ ಕೊಟ್ಟ ಮೇಲೆ ಮುಂದುವರಿಯಬೇಕು. ಇದಕ್ಕೂ ಸೆಟ್ಟಿನಲ್ಲಿ ಜಾಗವಿಲ್ಲ.

ವಿಚಾರಣೆಯ ನೋಟಿಸಿನಲ್ಲಿ ಸ್ಥಳ, ದಿನ, ಹೊತ್ತು ಇದೆ. ಸಹಾಯಕರನ್ನು ಕರೆತರುವ ಹಕ್ಕಿನ ಸುದ್ದಿಯಿಲ್ಲ. ಸ್ಥಾಯಿ ಆದೇಶ ಯಾರನ್ನು ಅನುಮತಿಸುತ್ತದೋ, ಸಹೋದ್ಯೋಗಿಯೋ ಯೂನಿಯನ್ ಪದಾಧಿಕಾರಿಯೋ, ಅದನ್ನು ನೋಟಿಸಿನಲ್ಲೇ ಬರೆಯಿರಿ. ವಕೀಲರನ್ನು ತರುವ ಹಕ್ಕು ಸಾಮಾನ್ಯವಾಗಿ ಇಲ್ಲ. ಆದರೆ ಆಡಳಿತದ ಪರ ಮಂಡನಾಧಿಕಾರಿಯಾಗಿ ಕಾನೂನು ಓದಿದವರನ್ನು ಕೂರಿಸಿ, ಎದುರಿನ ನೌಕರನಿಗೆ ಮಾತ್ರ ವಕೀಲರು ಬೇಡ ಎಂದರೆ ಅದು ನಿಲ್ಲುವುದಿಲ್ಲ. ಬಾಂಬೆ ಬಂದರು ಮಂಡಳಿ ಮತ್ತು ದಿಲೀಪ್‌ಕುಮಾರ್ ನಾಡಕರ್ಣಿ ಪ್ರಕರಣದಲ್ಲಿ (1983) ಇದು ತೀರ್ಮಾನವಾಗಿದೆ. ರಾತ್ರಿ ಪಾಳಿ ಮುಗಿಸಿದವರನ್ನು ಬೆಳಗ್ಗೆ 10ಕ್ಕೆ ಕೂರಿಸುವುದೂ ಸರಿಯಲ್ಲ. ನಿದ್ದೆಗಣ್ಣಿನಲ್ಲಿ ಪಾಟೀ ಸವಾಲು ಮಾಡಲು ಯಾರಿಂದಲೂ ಆಗದು.

ನಡಾವಳಿ ಹಾಳೆಗೆ ಬರೋಣ. ವಿಚಾರಣೆ ನ್ಯಾಯವಾಗಿ ನಡೆಯಿತೋ ಇಲ್ಲವೋ ಎಂದು ಮುಂದೆ ಯಾರೇ ನೋಡಿದರೂ ನೋಡುವುದು ಇದನ್ನೇ. ಸೆಟ್ಟಿನ ಹಾಳೆ ಶುರುವಾಗುವುದು "ಆಪಾದಿತ ನೌಕರರಿಗೆ ಕೇಳಿದ ಪ್ರಶ್ನೆಗಳು" ಎಂಬ ಕೋಷ್ಟಕದಿಂದ. ಹದಿನೈದು ಸಾಲು ಖಾಲಿ. ಇಲ್ಲೇ ದಾರಿ ತಪ್ಪಿದೆ. ಆರೋಪ ಹೊರಿಸಿದವರು ಮೊದಲು ತಮ್ಮ ಸಾಕ್ಷ್ಯ ಇಡಬೇಕು. ನೌಕರನನ್ನೇ ಮೊದಲು ಕೂರಿಸಿ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿ, ಅವನ ಬಾಯಿಂದಲೇ ಕೇಸು ಕಟ್ಟುವುದನ್ನು ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ತಪ್ಪೆಂದೇ ಹೇಳುತ್ತಾ ಬಂದಿದೆ. ಮೊದಲಿಗೆ ಕೇಳಬೇಕಾದ್ದು ಇಷ್ಟೇ: ಚಾರ್ಜ್‌ಶೀಟ್ ತಲುಪಿದೆಯೇ, ಅರ್ಥವಾಗಿದೆಯೇ, ಆರೋಪ ಒಪ್ಪುತ್ತೀರಾ. ಒಪ್ಪುತ್ತೇನೆ ಎಂದರೆ ಅವನು ಹೇಳಿದ ಮಾತನ್ನೇ ಬರೆದುಕೊಳ್ಳಿ. "ಆಯ್ತು ಸಾರ್, ತಪ್ಪಾಯ್ತು, ಈ ಸಲ ಬಿಟ್ಬಿಡಿ" ಎಂಬುದು ಆರೋಪದ ಒಪ್ಪಿಗೆಯಲ್ಲ, ಕೆಲಸ ಉಳಿಸಿಕೊಳ್ಳುವ ಬೇಡಿಕೆ. ಯಾವ ಆರೋಪ, ಯಾವ ಭಾಗ ಎಂದು ಬಿಡಿಸಿ ಕೇಳಿ. ಅನುಮಾನವಿದ್ದರೆ ಒಪ್ಪಿಲ್ಲವೆಂದೇ ದಾಖಲಿಸಿ ಸಾಕ್ಷ್ಯಕ್ಕೆ ಹೋಗಿ.

ನಂತರದ ಕ್ರಮ: ಆಡಳಿತದ ಮೊದಲ ಸಾಕ್ಷಿಯ ಮುಖ್ಯ ಹೇಳಿಕೆ, ಪಾಟೀ ಸವಾಲು, ಅಗತ್ಯವಿದ್ದರೆ ಮರು ಪ್ರಶ್ನೆ. ಅದು ಮುಗಿಯುವವರೆಗೆ ಎರಡನೇ ಸಾಕ್ಷಿ ಕೊಠಡಿಯ ಹೊರಗಿರಬೇಕು. ತನಿಖೆಯ ವೇಳೆ ಬರೆಸಿಕೊಂಡ ಹೇಳಿಕೆಯನ್ನು ಓದಿ "ಇದು ನನ್ನದೇ" ಎನ್ನಿಸಿ ಮುಗಿಸುವ ಅಭ್ಯಾಸ ಬಹಳ ಕಡೆ ಇದೆ. ಸಾಕ್ಷಿ ಬಾಯಿಬಿಟ್ಟು ನೌಕರನ ಎದುರು ಹೇಳಲಿ. ಪ್ರತಿ ದಾಖಲೆಗೂ ಅದನ್ನು ಬಲ್ಲ ಒಬ್ಬ ಸಾಕ್ಷಿ ಬೇಕು, ಆಡಳಿತದ ನಿಶಾನೆ 1, 2 ಎಂದು ಗುರುತು ಬೀಳಬೇಕು. ಸಿಸಿಟಿವಿ ಇದ್ದರೆ ಅದನ್ನು ತೆಗೆದುಕೊಟ್ಟವರು ಯಾವ ಕ್ಯಾಮೆರಾ, ಯಾವ ಹೊತ್ತು ಎಂದು ಹೇಳಬೇಕು. ನೌಕರನಿಗೆ ಪೂರ್ತಿ ತೋರಿಸಬೇಕು, ಬೇಕಾದ ಹತ್ತು ಸೆಕೆಂಡನ್ನಲ್ಲ.

ಪಾಟೀ ಸವಾಲನ್ನು ಪ್ರಶ್ನೋತ್ತರ ರೂಪದಲ್ಲೇ ಬರೆಯಿರಿ. ನಮೂನೆಯಲ್ಲಿ "ಪಾಟೀ ಸವಾಲು: ಇಲ್ಲ" ಎಂದು ಮೊದಲೇ ಅಚ್ಚಾಗಿದೆ, ಇದ್ದರೆ ಅಳಿಸಬೇಕಂತೆ. ಇಡೀ ಸೆಟ್ಟಿನಲ್ಲಿ ಕೂಡಲೇ ಕಿತ್ತುಹಾಕಬೇಕಾದ ಸಾಲು ಇದು. ನೌಕರನಿಗೆ ಪ್ರಶ್ನೆ ಕೇಳಲು ಗೊತ್ತಾಗದೆ "ಇವರು ಸುಳ್ಳು ಹೇಳ್ತಿದ್ದಾರೆ" ಎಂದಷ್ಟೇ ಅಂದರೆ, ವಿಚಾರಣಾಧಿಕಾರಿ ಅದನ್ನೇ ಪ್ರಶ್ನೆಯಾಗಿಸಲು ನೆರವಾಗಬೇಕು: ಯಾವುದು ಸುಳ್ಳು, ಹೊತ್ತೋ ಜಾಗವೋ ಮಾತೋ? ನಿಜಕ್ಕೂ ಪ್ರಶ್ನೆ ಬೇಡವೆಂದರೆ, ಅವಕಾಶ ಕೊಟ್ಟದ್ದು ಮತ್ತು ಅವನು ಹೇಳಿದ್ದು ಎರಡನ್ನೂ ಬರೆದು ಸಹಿ ತೆಗೆದುಕೊಳ್ಳಿ. ಪ್ರತಿ ಪುಟಕ್ಕೂ ವಿಚಾರಣಾಧಿಕಾರಿ, ಮಂಡನಾಧಿಕಾರಿ, ನೌಕರ, ಸಹಾಯಕ, ಆ ಪುಟದ ಸಾಕ್ಷಿ ಇಷ್ಟೂ ಜನರ ಸಹಿ. ತಿದ್ದಿದ ಕಡೆ ಚಿಕ್ಕ ಸಹಿ. ಅದೇ ದಿನ ನೌಕರನಿಗೆ ಒಂದು ಪ್ರತಿ. ದಿನಕ್ಕೆ ಎರಡು ಸಾಕ್ಷಿಗಿಂತ ಹೆಚ್ಚು ಹಾಕಿಕೊಳ್ಳಬೇಡಿ. ಸಂಜೆಯ ಹೊತ್ತಿನ ಮೂರನೇ ಸಾಕ್ಷಿಯ ಉತ್ತರಗಳು ಪುಟದಲ್ಲಿ ಅರ್ಧರ್ಧ ಸಾಲಾಗಿ ಉಳಿಯುತ್ತವೆ.

ನೌಕರ ಬರದಿದ್ದರೆ ಏಕಪಕ್ಷೀಯವಾಗಿ ನಡೆಸಬಹುದು, ಆದರೆ ಸೆಟ್ಟಿನಲ್ಲಿರುವಂತೆ "ಗೈರಾದ್ದರಿಂದ ಆರೋಪ ಒಪ್ಪಿದಂತೆ" ಎಂದು ಬರೆಯುವ ಹಾಗಿಲ್ಲ. ನೋಟಿಸು ತಲುಪಿದ್ದಕ್ಕೆ ದಾಖಲೆ, ಆಗಲೂ ಸಾಕ್ಷಿಗಳ ಹೇಳಿಕೆ, ಆ ದಿನದ ನಡಾವಳಿಯ ಪ್ರತಿ ಮತ್ತು ಮುಂದಿನ ದಿನಾಂಕ ಅಂಚೆಯಲ್ಲಿ. ಮಧ್ಯದಲ್ಲಿ ಬಂದರೆ ಆ ಹಂತದಿಂದ ಸೇರಿಸಿಕೊಳ್ಳಬೇಕು.

ವರದಿಯ ನಮೂನೆಯಲ್ಲಿ "ಮೇಲ್ಕಂಡ ಸಾಕ್ಷ್ಯಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ ಎಲ್ಲ ಆರೋಪಗಳೂ ಸಾಬೀತಾಗಿವೆ, ವಜಾ ಮಾಡಲು ಶಿಫಾರಸು ಮಾಡಲಾಗಿದೆ" ಎಂಬುದೊಂದೇ ಪ್ಯಾರಾ. ಇದನ್ನು ಪೂರ್ತಿ ಬಿಟ್ಟು ಹೊಸದಾಗಿ ಬರೆಯಿರಿ. ಒಂದೊಂದು ಆರೋಪಕ್ಕೂ ಆಡಳಿತದ ಸಾಕ್ಷ್ಯ ಏನು, ನೌಕರನ ಸಮಜಾಯಿಷಿ ಏನು, ಎರಡರಲ್ಲಿ ಯಾವುದನ್ನು ಏಕೆ ನಂಬಿದ್ದು ಎಂದು ಬರಬೇಕು. ಕ್ರಿಮಿನಲ್ ಕೋರ್ಟಿನಂತೆ ಸಂಶಯಾತೀತ ರುಜುವಾತು ಇಲ್ಲಿ ಬೇಡ, ಹೆಚ್ಚು ಸಂಭವ ಯಾವುದೆಂಬುದು ಸಾಕು. ಹರಿಯಾಣ ಸರ್ಕಾರ ಮತ್ತು ರತ್ತನ್ ಸಿಂಗ್ ಪ್ರಕರಣದಲ್ಲಿ (1977) ಬಸ್ ಕಂಡಕ್ಟರ್ ವಿರುದ್ಧ ಪ್ರಯಾಣಿಕರನ್ನು ಕರೆಸದೆ, ತಪಾಸಣಾ ದಳದ ಇನ್‌ಸ್ಪೆಕ್ಟರ್ ಸಾಕ್ಷ್ಯದ ಮೇಲೆ ಬಂದ ನಿರ್ಣಯವೂ ಉಳಿಯಿತು. ಆದರೆ ಏನಾದರೊಂದು ಸಾಕ್ಷ್ಯ ಇರಲೇಬೇಕು: ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ (2009) ಪೊಲೀಸ್ ದಾಖಲೆಗಳನ್ನು ಸುಮ್ಮನೆ ಫೈಲಿಗೆ ಸೇರಿಸಿದ್ದು ಸಾಲಲಿಲ್ಲ, ಅವನ್ನು ರುಜುವಾತು ಮಾಡುವ ಸಾಕ್ಷಿಯೇ ಇರಲಿಲ್ಲ. ಇನ್ನು ಶಿಕ್ಷೆಯ ಶಿಫಾರಸು ವಿಚಾರಣಾಧಿಕಾರಿಯ ಕೆಲಸವೇ ಅಲ್ಲ.

ಎರಡನೇ ನೋಟಿಸು ಮತ್ತು ಅಂತಿಮ ಆದೇಶವನ್ನು ಒಂದೇ ಲಕೋಟೆಯಲ್ಲಿ ಕಳಿಸುವಂತೆ ಸೆಟ್ಟಿನ ಸೂಚನೆ ಹೇಳುತ್ತದೆ. ಈ ಮಾತು ಕೇಳಲೇಬೇಡಿ. ವರದಿಯ ಪ್ರತಿ ಕೊಟ್ಟು, ಅದಕ್ಕೆ ನೌಕರನ ಉತ್ತರ ಪಡೆದು, ಆಮೇಲಷ್ಟೇ ಶಿಕ್ಷೆ. ಇಸಿಐಎಲ್ (ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ) ಮತ್ತು ಬಿ. ಕರುಣಾಕರ್ ಪ್ರಕರಣದಲ್ಲಿ (1993) ಇದನ್ನು ಸರ್ಕಾರಿ, ಖಾಸಗಿ ಎಲ್ಲ ಸಂಸ್ಥೆಗಳಿಗೂ ಅನ್ವಯಿಸಿ ಹೇಳಿದೆ. ಆರೋಪ ಸಾಬೀತಾಗಿಲ್ಲ ಎಂದು ವರದಿ ಬಂದು, ಶಿಸ್ತು ಪ್ರಾಧಿಕಾರಿ ಅದನ್ನು ಒಪ್ಪದಿದ್ದರೆ, ಒಪ್ಪದ ಕಾರಣವನ್ನು ಮೊದಲು ನೌಕರನಿಗೆ ತಿಳಿಸಿ ಉತ್ತರ ಕೇಳಬೇಕು (ಕುಂಜ್ ಬಿಹಾರಿ ಮಿಶ್ರಾ ಪ್ರಕರಣ, 1998). ಹಿಂದಿನ ಮೆಮೊಗಳನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಅವುಗಳ ಪಟ್ಟಿಯೂ ಈ ನೋಟಿಸಿನಲ್ಲಿರಲಿ. ಅಂದಿನ ಮೈಸೂರು ರಾಜ್ಯ ಮತ್ತು ಕೆ. ಮಂಚೇಗೌಡ ಪ್ರಕರಣದಲ್ಲಿ ಇದನ್ನೇ ಹೇಳಿದ ಸಂವಿಧಾನ ಪೀಠದ ತೀರ್ಪು ಸರ್ಕಾರಿ ನೌಕರರೊಬ್ಬರ ವಿಷಯದಲ್ಲಿ ಬಂದದ್ದಾದರೂ ಎಲ್ಲ ಕಡೆ ಪಾಲಿಸಲು ಯೋಗ್ಯ.

ಎರಡು ಕಡೆ ಈ ಸೆಟ್ ಬಳಸಲೇಬಾರದು. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯ ಆಂತರಿಕ ಸಮಿತಿಗೇ ಹೋಗಬೇಕು. ಅಲ್ಲಿ ವಿಚಾರಣೆಗೆ 90 ದಿನ, ವರದಿಗೆ 10 ದಿನ, ವರದಿಯ ಮೇಲಿನ ಕ್ರಮಕ್ಕೆ 60 ದಿನ ಎಂಬ ಬೇರೆಯದೇ ಲೆಕ್ಕ. ರಾಜ್ಯ ಸರ್ಕಾರಿ ನೌಕರರಿಗಾದರೆ 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಿವೆ. ಇನ್ನು 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಸಂಸ್ಥೆಗೆ ಹೊಸ ಸಂಹಿತೆಯ ಸ್ಥಾಯಿ ಆದೇಶದ ಅಧ್ಯಾಯ ಅನ್ವಯಿಸದು. ಅಂಥವರು ನಮೂನೆಯಲ್ಲಿ ಸ್ಥಾಯಿ ಆದೇಶ ಎಂದಿರುವ ಕಡೆಯೆಲ್ಲ ತಮ್ಮ ನೇಮಕಾತಿ ಪತ್ರ ಅಥವಾ ಸೇವಾ ನಿಯಮದ ಷರತ್ತನ್ನು ಹಾಕಿಕೊಳ್ಳಬೇಕು.

ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಚಾರ್ಜ್‌ಶೀಟ್ ಮತ್ತು ನಡಾವಳಿ, ಈ ಎರಡು ಹಾಳೆ ತೋರಿಸಲು ಕೇಳಿ. ಚಾರ್ಜ್‌ಶೀಟಿನಲ್ಲಿ "ಸಾಬೀತಾಗಿರುತ್ತದೆ" ಎಂದಿದ್ದರೆ, ಅಥವಾ ನಡಾವಳಿ ನೌಕರನನ್ನು ಪ್ರಶ್ನಿಸುವುದರಿಂದಲೇ ಶುರುವಾದರೆ ಬೇಡ. ಈಗಾಗಲೇ ಕೊಂಡಿದ್ದರೆ ನೇಮಕ ಪತ್ರ, ದಿನ ತಿದ್ದಿದ ಕಾರಣ ಕೇಳುವ ನೋಟಿಸು, ತಲುಪಿಸುವ ಸೂಚನಾ ಪುಟ ಉಳಿಸಿಕೊಳ್ಳಿ. ಅಮಾನತು ಆದೇಶ, ವಿಚಾರಣೆಯ ನೋಟಿಸು, ಎರಡನೇ ನೋಟಿಸು, ಅಂತಿಮ ಆದೇಶಗಳನ್ನು ಮೇಲಿನಂತೆ ತಿದ್ದಿಕೊಳ್ಳಿ. ಉಳಿದ ಮೂರನ್ನು ಅಳಿಸಿ, ಪ್ರತಿ ಪ್ರಕರಣಕ್ಕೂ ಖಾಲಿ ಹಾಳೆಯಿಂದ ಬರೆಯಿರಿ.